ಎರಡು ಎಳೆ ಒಂದಾದ ಇಪ್ಪತ್ತಾರು ನಿಮಿಷ

ಹೋದ ವರ್ಷದ ಪಕ್ಷಮಾಸದಲ್ಲಿ ಒಂದು ಬೆಳಿಗ್ಗೆ ಆರೂಮುಕ್ಕಾಲರ ಹೊತ್ತಿಗೆ ನಮ್ಮ ಮನೆಯ ಅಟ್ಟದ ಮೇಲೆ ಒಂದು ನಿಂಬೆ ಚಿಟ್ಟೆ ಕೋಶ ಒಡೆದು ಹೊರಬಂತು. ಬಂದಾಗ ಅದರ ಹೀರುನಳಿಕೆ ಇನ್ನೂ ನಳಿಕೆಯಾಗಿರಲಿಲ್ಲ. ಕೂದಲಿನಂಥ ಎರಡು ಬಿಡಿ ಎಳೆಗಳು, ಅಷ್ಟೇ. ಅವೆರಡೂ ಬುಡದಿಂದ ತುದಿಯವರೆಗೆ ಕೂಡಿ ಒಂದು ಕೊಳವೆಯಾಗಲು ಇಪ್ಪತ್ತಾರು ನಿಮಿಷ ಹಿಡಿಯಿತು. ಆ ಇಪ್ಪತ್ತಾರು ನಿಮಿಷವೂ ಎಲ್ಲಿಯೂ ತುಂಡಾಗದೆ ನನ್ನ ಕ್ಯಾಮೆರಾದಲ್ಲಿ ದಾಖಲಾಗಿದೆ. ಬುಡದಲ್ಲಿ ಒಸರಿದ ಹನಿಯೂ ಕಾಣುತ್ತದೆ, ಎಳೆಗಳು ಒಂದರ ಮೇಲೊಂದು ಜಾರುವುದೂ ಕಾಣುತ್ತದೆ.

ಇದು ಆಗದ ಕೆಲಸ ಎಂದು ನನಗೆ ಹೇಳಿದವರು ಕಡಿಮೆಯಿಲ್ಲ. ಮ್ಯಾಕ್ರೋ ಛಾಯಾಗ್ರಹಣದಲ್ಲಿ, ಅಂದರೆ ಸಣ್ಣದನ್ನು ಹತ್ತಿರದಿಂದ ದೊಡ್ಡದಾಗಿ ಸೆರೆಹಿಡಿಯುವುದರಲ್ಲಿ, ನನಗಿಂತ ಇಪ್ಪತ್ತು ವರ್ಷ ಹಿರಿಯರಾದ ಶಿವಮೊಗ್ಗದ ಒಬ್ಬರು, "ತಮ್ಮಾ, ಸತ್ತ ಚಿಟ್ಟೆಯ ತಲೆಯನ್ನು ಸ್ಟ್ಯಾಕ್ ಮಾಡು, ಚೆನ್ನಾಗಿ ಬರುತ್ತದೆ. ಜೀವಂತ ಚಿಟ್ಟೆ, ಅದೂ ಆಗ ತಾನೇ ಹುಟ್ಟಿದ್ದು, ನಿನ್ನ ಲೆನ್ಸಿನ ಮುಂದೆ ಅರ್ಧ ಗಂಟೆ ನಿಲ್ಲುವುದಿಲ್ಲ. ಅದಕ್ಕೆ ಪ್ರಯೋಗಾಲಯ ಬೇಕು" ಎಂದಿದ್ದರು. ಸ್ಟ್ಯಾಕ್ ಎಂದರೆ ಫೋಕಸ್ ತುಸುತುಸು ಸರಿಸಿ ತೆಗೆದ ಹಲವು ಚಿತ್ರಗಳನ್ನು ಒಂದಾಗಿ ಕೂಡಿಸುವುದು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಮೊದಲ ಎರಡು ವರ್ಷ ನಾನು ಮಾಡಿದ್ದೆಲ್ಲ ಅವರ ಮಾತನ್ನೇ ನಿಜ ಮಾಡಿತ್ತು. ಈಗ ಕೆಲಸ ಕೂಡಿಬಂದಿರುವುದರಿಂದ ಬರೆಯುತ್ತಿದ್ದೇನೆ.

ನನ್ನದು ಸಾಗರದಲ್ಲಿ ಒಂದು ಚಿಕ್ಕ ಸ್ಟುಡಿಯೋ. ಮದುವೆ, ಉಪನಯನ, ಗೃಹಪ್ರವೇಶ. ಆಷಾಢದಲ್ಲಿ ಆರ್ಡರ್ ಇರುವುದಿಲ್ಲ, ಪಕ್ಷಮಾಸದಲ್ಲೂ ಇರುವುದಿಲ್ಲ. ಈ ಎರಡು ಬಿಡುವುಗಳಲ್ಲಿ ಮೊದಲು ನಾನು ಆರಿಸಿಕೊಂಡದ್ದು ಆಷಾಢವನ್ನು; ಅದೇ ದೊಡ್ಡ ತಪ್ಪು. ನಮ್ಮ ಕಡೆಯ ಆಷಾಢದ ಮಳೆ ಎಂಥದ್ದೆಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಹುಳುಗಳು ಸಿಗುವುದೇ ಕಡಿಮೆ, ಸಿಕ್ಕವು ಬೂಸಲು ಹಿಡಿದು ಸಾಯುತ್ತವೆ, ಲೆನ್ಸಿಗೂ ಬೂಸಲು. ತೊಂಬತ್ತು ಮಿಲಿಮೀಟರಿನ ನನ್ನ ಒಳ್ಳೆಯ ಮ್ಯಾಕ್ರೋ ಲೆನ್ಸಿನ ಒಳಗಾಜಿನಲ್ಲಿ ಜೇಡರ ಬಲೆಯಂತೆ ಬೂಸಲು ಹರಡಿ, ಬಿಚ್ಚಿ ಒರೆಸುವುದಕ್ಕೆ ಸುಮಾರು ಎರಡು ಸಾವಿರ ರೂಪಾಯಿ ಕೊಟ್ಟೆ. ಆಮೇಲೂ ಅದು ಮೊದಲಿನಂತಾಗಲಿಲ್ಲ. ಭಾದ್ರಪದದ ಕೊನೆಯಲ್ಲಿ ಮಳೆ ಹಿಂದೆ ಸರಿದು, ನಿಂಬೆ, ಹೇರಳೆ, ಕಂಚಿ ಗಿಡಗಳೆಲ್ಲ ಹೊಸ ಚಿಗುರು ಬಿಟ್ಟಾಗ ಚಿಟ್ಟೆಗಳು ತಾವಾಗಿ ಬಂದು ಮೊಟ್ಟೆ ಇಡುತ್ತವೆ. ಇದು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು.

ನಿಂಬೆ ಚಿಟ್ಟೆಯನ್ನೇ ಹಿಡಿದುಕೊಂಡದ್ದಕ್ಕೆ ಕಾರಣಗಳಿವೆ. ಹಿತ್ತಲಿನಲ್ಲೇ ಸಿಗುತ್ತದೆ, ನಿಂಬೆಗೆ ಅದು ಪೀಡೆಯೇ. ರಕ್ಷಿತ ಚಿಟ್ಟೆಗಳ ಕಾನೂನಿನ ಪಟ್ಟಿ ದೊಡ್ಡದಿದೆ, ಯಾವುದಕ್ಕೆ ಕೈ ಹಾಕುವ ಮೊದಲೂ ಅದನ್ನು ನೋಡಿಕೊಳ್ಳಿ. ಇನ್ನೊಂದು ಕಾರಣ ಅದರ ತಲೆಯ ರಚನೆ. ಹೀರುನಳಿಕೆಯ ಸುರುಳಿಯನ್ನು ಎರಡು ಬದಿಯಿಂದ ಕಾಯುವ ಪಾಲ್ಪ್‌ಗಳು, ಅಂದರೆ ಮೂರು ಗೆಣ್ಣಿನ ರೋಮದ ಜೋಡಿ ಅಂಗಗಳು, ಬೇರೆ ಹಲವು ಚಿಟ್ಟೆಗಳಲ್ಲಿ ಮುಂದಕ್ಕೆ ಚಾಚಿಕೊಂಡು ಒಳಗಿನದನ್ನು ಮರೆಮಾಡುತ್ತವೆ. ನಮ್ಮ ಘಟ್ಟದಲ್ಲೇ ಸಿಗುವ ಕ್ಲಬ್ ಬೀಕ್ ಚಿಟ್ಟೆಯನ್ನು ನೋಡಿದವರಿಗೆ ಗೊತ್ತು, ಅದರ ಪಾಲ್ಪ್‌ಗಳು ಹಕ್ಕಿಯ ಕೊಕ್ಕಿನಂತೆ ಉದ್ದ. ನಿಂಬೆ ಚಿಟ್ಟೆಯ ಕುಟುಂಬದಲ್ಲಿ ಇವು ಮೊಟಕು, ಮುಖಕ್ಕೆ ಒತ್ತಿಕೊಂಡಿರುತ್ತವೆ. ಪಕ್ಕದಿಂದ ನೋಡಿದರೆ ಸುರುಳಿಯ ಬುಡ ಸಲೀಸಾಗಿ ಕಾಣುತ್ತದೆ. ಚಿತ್ರ ತೆಗೆಯುವವನಿಗೆ ಇದಕ್ಕಿಂತ ದೊಡ್ಡ ಅನುಕೂಲವಿಲ್ಲ.

ಮೊದಲ ವರ್ಷ ಹನ್ನೊಂದು ಕೋಶಗಳು ಕೈಗೆ ಬಂದವು. ಒಂದೂ ಕೂಡಿಬರಲಿಲ್ಲ. ಮೂರರಲ್ಲಿ ಚಿಟ್ಟೆಯ ಬದಲು ಸಾಸಿವೆಗಿಂತ ಚಿಕ್ಕ ಕಣಜಗಳು ತೂತು ಕೊರೆದು ಹೊರಬಂದವು. ಎರಡನ್ನು ಇರುವೆ ತಿಂದವು. ಒಂದನ್ನು ಬಿಟ್ಟು ಉಳಿದವು ನಾನು ನಿದ್ದೆಯಲ್ಲಿದ್ದಾಗ, ಇಲ್ಲವೇ ಮಗಳನ್ನು ಶಾಲೆಗೆ ಬಿಡಲು ಹೋದಾಗ ಹೊರಬಂದವು. ಆ ಒಂದನ್ನು ಸರಿಯಾದ ಸಮಯಕ್ಕೆ ಹಿಡಿದೆ, ಆದರೆ ಅದು ಕೋಶದಿಂದ ಇಳಿದ ಕೂಡಲೇ ಕಡ್ಡಿಯನ್ನು ಹತ್ತಿ ಒಂದು ಅಡಿ ಮೇಲೆ ಹೋಗಿ ನನಗೆ ಬೆನ್ನು ಹಾಕಿ ತೂಗಿತು. ನಾನು ಟ್ರೈಪಾಡ್ ಎತ್ತಿ ಹಿಂದೆ ಹೋಗಿ ಫೋಕಸ್ ಮಾಡುವಷ್ಟರಲ್ಲಿ ಎಳೆಗಳು ಅರ್ಧ ಕೂಡಿಯಾಗಿತ್ತು.

ಎರಡನೆಯ ವರ್ಷದ ಸೋಲು ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ. ಬೆಳಕು ಸಾಲದೆಂದು ಮದುವೆಗೆ ಬಳಸುತ್ತಿದ್ದ ಹಳೆಯ ಸನ್‌ಗನ್ ಹಚ್ಚಿದೆ. ಬೆಳಕೇನೋ ಸುರಿಯಿತು, ಜೊತೆಗೆ ಬಿಸಿಯೂ ಸುರಿಯಿತು. ಆ ಚಿಟ್ಟೆ ಎಳೆಗಳನ್ನು ಸುತ್ತಿತು, ಬಿಚ್ಚಿತು, ಮತ್ತೆ ಸುತ್ತಿತು, ಕೂಡಲಿಲ್ಲ. ರೆಕ್ಕೆಗಳು ಚೆನ್ನಾಗಿಯೇ ಅರಳಿದವು. ಮಧ್ಯಾಹ್ನದ ಹೊತ್ತಿಗೆ ಅದು ಎಲ್ಲ ಚಿಟ್ಟೆಗಳಂತೆ ಹಾರಲು ಸಿದ್ಧವಾಗಿತ್ತು, ಆದರೆ ಮುಖದಲ್ಲಿ ಎರಡು ಒಣ ಎಳೆಗಳು ಬೇರೆಬೇರೆಯಾಗಿ ಸುರುಳಿ ಸುತ್ತಿಕೊಂಡಿದ್ದವು. ಸಕ್ಕರೆ ನೀರಿನಲ್ಲಿ ಅದ್ದಿದ ಹತ್ತಿಯ ಮೇಲೆ ಕೂರಿಸಿದೆ. ಕಾಲಿಗೆ ಸಿಹಿ ತಾಗಿದೊಡನೆ ಎಳೆಗಳನ್ನು ಚಾಚಿತು. ಎರಡು ಅರ್ಧಗಳ ನಡುವೆ ಕಾಲುವೆ ಮುಚ್ಚಿರದಿದ್ದರೆ ಒಳಗಿನ ಪಂಪು ಎಷ್ಟು ಎಳೆದರೂ ಬರುವುದು ಗಾಳಿಯೇ. ನಾಲ್ಕನೆಯ ದಿನ ಸತ್ತಿತು. ಜೋಡಣೆಗೆ ಬೇಕಾದ ಜೊಲ್ಲಿನ ಹನಿ ನನ್ನ ದೀಪದ ಬಿಸಿಗೆ ಒಣಗಿತು ಎಂಬುದು ನನ್ನ ತರ್ಕ. ಅಂದಿನಿಂದ ಆ ಸನ್‌ಗನ್ ಚಿಟ್ಟೆಗಳ ಹತ್ತಿರ ಹೋಗಿಲ್ಲ. ಈಗ ಇಪ್ಪತ್ತು ವ್ಯಾಟಿನ ಎರಡು ಎಲ್‌ಇಡಿ, ಮುಂದೆ ಎರಡು ಪದರ ಟ್ರೇಸಿಂಗ್ ಕಾಗದ, ಹತ್ತಿರದಲ್ಲೊಂದು ಒದ್ದೆ ಬಟ್ಟೆ. ದೀಪದ ಮುಂದೆ ಕೈ ಹಿಡಿದರೆ ಬಿಸಿ ತಿಳಿಯಬಾರದು, ಅದೇ ನನ್ನ ಅಳತೆ.

ಮೂರನೆಯ ವರ್ಷ ಯೋಚನೆಯ ದಿಕ್ಕನ್ನೇ ಬದಲಿಸಿದೆ. ಅಲ್ಲಿಯವರೆಗೆ ಕ್ಯಾಮೆರಾವನ್ನು ಚಿಟ್ಟೆಯ ಸುತ್ತ ತಿರುಗಿಸುತ್ತಿದ್ದೆ. ಎರಡು ಪಟ್ಟು ದೊಡ್ಡದು ಮಾಡಿ ನೋಡುವಾಗ ಫೋಕಸ್ ಇರುವ ಆಳ ಒಂದು ಅಕ್ಕಿ ಕಾಳಿನ ದಪ್ಪವೂ ಇಲ್ಲ. ಆ ಸ್ಥಿತಿಯಲ್ಲಿ ಕ್ಯಾಮೆರಾ ಅಲುಗಿದರೆ ಎಲ್ಲವೂ ಹೋಯಿತು. ಕ್ಯಾಮೆರಾ ನಿಂತಲ್ಲೇ ನಿಲ್ಲಬೇಕು, ಚಿಟ್ಟೆ ತಿರುಗಬೇಕು ಎಂದು ನಿರ್ಧರಿಸಿದೆ. ಬೇಕರಿಯವರು ಕೇಕಿಗೆ ಕ್ರೀಮ್ ಹಚ್ಚಲು ಬಳಸುವ ತಿರುಗುವ ತಟ್ಟೆ ಮುನ್ನೂರೈವತ್ತು ರೂಪಾಯಿಗೆ ಸಿಕ್ಕಿತು. ಅದರ ಅಂಚಿಗೆ ಅಡಿಕೆ ದಬ್ಬೆಯ ಒಂದು ಕಂಬ, ಕಂಬದಿಂದ ತಟ್ಟೆಯ ನಡುಮಧ್ಯಕ್ಕೆ ಚಾಚಿದ ಒಂದು ತೋಳು, ತೋಳಿನ ತುದಿಗೆ ಓರೆಯಾಗಿ ಕಟ್ಟಿದ ಎರಡೂವರೆ ಇಂಚಿನ ಕಡ್ಡಿ. ಕಡ್ಡಿಗೆ ತೆಂಗಿನ ನಾರು ಸುತ್ತಿದೆ, ಚಿಟ್ಟೆಯ ಕಾಲಿಗೆ ಹಿಡಿತ ಸಿಗಲೆಂದು. ಕೋಶವನ್ನು ಆ ಕಡ್ಡಿಗೆ ನೂಲಿನಿಂದ ಕಟ್ಟುತ್ತೇನೆ. ಹುಳು ತಾನೇ ಹಾಕಿಕೊಂಡ ರೇಷ್ಮೆಯ ನಡುಪಟ್ಟಿಯನ್ನು ಕತ್ತರಿಸಬಾರದು, ಅದು ಅಂಟಿಕೊಂಡ ಕಡ್ಡಿಯ ಚೂರಿನ ಸಮೇತ ತೆಗೆಯಬೇಕು.

ಮೇಲಕ್ಕೆ ಹತ್ತಿ ಓಡುವುದನ್ನು ತಡೆಯಲು ಕಡ್ಡಿಯ ಮೇಲ್ತುದಿಗೆ ಒಡೆದ ಲಾಟೀನು ಗಾಜಿನ ಚೂರೊಂದನ್ನು ಅಡ್ಡ ಇಟ್ಟೆ. ನುಣುಪು ಗಾಜಿನ ಮೇಲೆ ಅದಕ್ಕೆ ಹತ್ತಲಾಗುವುದಿಲ್ಲ. ಎರಡು ಸಲ ಪ್ರಯತ್ನಿಸಿ, ಅಲ್ಲಿಯೇ ಕಡ್ಡಿಯ ಕೆಳಬದಿಗೆ ತೂಗಿ ನಿಲ್ಲುತ್ತದೆ. ಆಗ ಅದರ ತಲೆ ಹೆಚ್ಚುಕಡಿಮೆ ತಟ್ಟೆಯ ಅಚ್ಚಿನ ಮೇಲೇ ಬಂದಿರುತ್ತದೆ. ತಟ್ಟೆಯನ್ನು ಬೆರಳಿನಿಂದ ತಿರುಗಿಸಿ ಪಕ್ಕದ ನೋಟಕ್ಕೆ ತಂದರೆ, ಎರಡು ಎಳೆಗಳೂ ಕ್ಯಾಮೆರಾದ ಸಂವೇದಕಕ್ಕೆ ಸಮಾನಾಂತರವಾಗಿ ಆಡುತ್ತವೆ, ಫೋಕಸಿನೊಳಗೇ ಉಳಿಯುತ್ತವೆ. ತಟ್ಟೆ ತಿರುಗುವಾಗ ಚಿಟ್ಟೆ ಗಾಬರಿಯಾಗದಂತೆ ಮಾಡುವುದಕ್ಕೆ ನಾನು ಕಂಡುಕೊಂಡ ಒಂದು ಉಪಾಯವಿದೆ. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಹೊರಬರುವ ಸಮಯವನ್ನು ಹಿಡಿಯುವುದು ಇನ್ನೊಂದು ಕಷ್ಟ. ಹಿಂದಿನ ಸಂಜೆಗೇ ಕೋಶದ ಗೋಡೆ ತೆಳುವಾಗಿ ರೆಕ್ಕೆಯ ಕಪ್ಪು ಹಳದಿ ಚಿತ್ತಾರ ಹೊರಗೆ ಕಾಣುತ್ತದೆ, ಕಣ್ಣು ಕಪ್ಪಾಗಿರುತ್ತದೆ. ಅಷ್ಟು ಎಲ್ಲರಿಗೂ ಗೊತ್ತು. ಆದರೆ ನಾಳೆ ಬೆಳಿಗ್ಗೆ ಐದಕ್ಕೋ ಒಂಬತ್ತಕ್ಕೋ? ರಾತ್ರಿ ತಂಪು ಮತ್ತು ಕತ್ತಲು, ಬೆಳಿಗ್ಗೆ ನಾನು ಸಿದ್ಧನಾದ ಮೇಲೆ ಬೆಳಕು ಮತ್ತು ಬೆಚ್ಚಗೆ, ಇದು ಸೂತ್ರ. ಎಷ್ಟು ತಂಪು, ಎಷ್ಟು ಹೊತ್ತು ಎಂಬುದನ್ನು ಸುಮಾರು ನಲವತ್ತು ಕೋಶಗಳನ್ನು ನೋಡಿ ಕಲಿತಿದ್ದೇನೆ. ಫ್ರಿಜ್ಜಿನಲ್ಲಿ ಇಡಬೇಡಿ ಎಂದಷ್ಟೇ ಹೇಳುತ್ತೇನೆ, ನಾನು ಇಟ್ಟು ನಾಲ್ಕನ್ನು ಕಳೆದುಕೊಂಡಿದ್ದೇನೆ. ಈಗ ಹತ್ತರಲ್ಲಿ ಏಳು ನಾನು ಅಂದುಕೊಂಡ ಮುಕ್ಕಾಲು ಗಂಟೆಯೊಳಗೇ ಹೊರಬರುತ್ತವೆ. ಈ ಲೆಕ್ಕ ನಮ್ಮ ಕಡೆ ಬೇರೆ ಯಾರದ್ದೂ ಇಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ.

ಲೆನ್ಸಿನ ವಿಷಯ ಬೇಗ ಮುಗಿಸುತ್ತೇನೆ. ಲೆನ್ಸಿನ ಮುಂದೆ ಸಿಕ್ಕಿಸುವ ರೇನಾಕ್ಸ್ 250 ಎಂಬ ಹಿಗ್ಗಿಸುವ ಗಾಜು ಎಲ್ಲರ ಬಳಿ ಇದೆ, ನನ್ನ ಬಳಿಯೂ ಇದೆ, ಈ ಕೆಲಸಕ್ಕೆ ಅದು ಸಾಲಲಿಲ್ಲ. ಬೆಲ್ಲೋಸಿಗೆ, ಅಂದರೆ ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಹಾಕುವ ಮಡಿಕೆಯ ತಿದಿಗೆ, ಉಲ್ಟಾ ಹಾಕಿದ ಹಳೆಯ ಐವತ್ತು ಮಿಲಿಮೀಟರಿನ ಲೆನ್ಸೇ ವಿಡಿಯೋಗೆ ಸರಿಹೋಯಿತು. ಬೆಲ್ಲೋಸ್ ಸೆಕೆಂಡ್ ಹ್ಯಾಂಡ್, ಮೂರು ಸಾವಿರದ ಚಿಲ್ಲರೆ. ನಿಶ್ಚಲ ಚಿತ್ರಗಳಿಗೆ ಸೂಕ್ಷ್ಮದರ್ಶಕದ ನಾಲ್ಕು ಪಟ್ಟಿನ ಆಬ್ಜೆಕ್ಟಿವ್. ಮೊದಲು ಏಳುನೂರು ಕೊಟ್ಟು ತಂದದ್ದು ಅಂಚಿನಲ್ಲೆಲ್ಲ ನೇರಳೆ ಗೆರೆ ಎಳೆಯುತ್ತಿತ್ತು. ಮಾರಿದವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಎರಡನೆಯದಕ್ಕೆ ಎರಡು ಸಾವಿರದ ನಾನೂರು. ಆರು ಮಿಲಿಮೀಟರ್ ಅಗಲದ ನೋಟ, ಚಿಟ್ಟೆಯ ತಲೆ ಅದರಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ. ಒಂದು ತಲೆಗೆ ನೂರರಿಂದ ನೂರೈವತ್ತು ಚಿತ್ರ ತೆಗೆಯುತ್ತಾ ಹೋಗಿ ಕ್ಯಾಮೆರಾದ ಶಟರ್ ಒಂದು ದಿನ ನಿಂತೇಹೋಯಿತು. ರಿಪೇರಿಗೆ ಏಳೂವರೆ ಸಾವಿರ. ವಿಡಿಯೋದಲ್ಲಿ ಇನ್ನೊಂದು ಕಾಟ: ನನ್ನ ಕ್ಯಾಮೆರಾ 29 ನಿಮಿಷ 59 ಸೆಕೆಂಡಿಗೆ ತಾನೇ ನಿಲ್ಲುತ್ತದೆ. ಚಿಟ್ಟೆ ಹೊರಬರುವ ಮೊದಲೇ ಚಾಲೂ ಮಾಡಿದರೆ ಮುಖ್ಯವಾದ ಹೊತ್ತಿಗೆ ಮುಗಿದಿರುತ್ತದೆ. ಕುಡಿಮೀಸೆಗಳು ಕೋಶದ ಒರೆಯಿಂದ ಪೂರ್ತಿ ಕಳಚಿಕೊಂಡ ಕ್ಷಣದಲ್ಲಿ ಗುಂಡಿ ಒತ್ತಬೇಕು, ಅದಕ್ಕೆ ಮೊದಲಲ್ಲ. ಎಲ್ಲ ಸೇರಿ ಮೂರು ವರ್ಷಕ್ಕೆ ಮೂವತ್ತೆಂಟು ನಲವತ್ತು ಸಾವಿರವಾಗಿರಬೇಕು. ಒಂದು ಒಳ್ಳೆಯ ಮದುವೆಯ ಆರ್ಡರಿನ ಹಣ. ಮನೆಯಲ್ಲಿ ಇದರ ಬಗ್ಗೆ ಮಾತು ಬಂದದ್ದಿದೆ. ಆ ಇಪ್ಪತ್ತಾರು ನಿಮಿಷವನ್ನು ನನ್ನ ಹೆಂಡತಿಯೂ ಅಮ್ಮನೂ ಪಕ್ಕದಲ್ಲಿ ಕುಳಿತು ಪರದೆಯ ಮೇಲೆ ಉಸಿರು ಹಿಡಿದು ನೋಡಿದ ಮೇಲೆ ಆ ಮಾತು ನಿಂತಿದೆ.

ಏನು ಕಂಡಿತು ಎಂಬುದನ್ನು ಬರೆಯದಿದ್ದರೆ ಇಷ್ಟೆಲ್ಲ ಬರೆದು ಪ್ರಯೋಜನವಿಲ್ಲ. ಮೊದಲ ಎರಡು ನಿಮಿಷ ಎಳೆಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ಆಡುತ್ತವೆ. ಒಂದು ಮುಂದಕ್ಕೆ ಹೋದರೆ ಇನ್ನೊಂದು ಹಿಂದಕ್ಕೆ. ಬುಡದಲ್ಲಿ ಪಾರದರ್ಶಕವಾದ ಒಂದು ಹನಿ ಮೂಡುತ್ತದೆ. ಆ ಹನಿ ಎರಡರ ನಡುವೆ ಹರಡಿದಂತೆ ಎಳೆಗಳು ಬುಡದಲ್ಲಿ ಅಂಟಿಕೊಳ್ಳುತ್ತವೆ. ಆಮೇಲೆ ಸುತ್ತು, ಬಿಚ್ಚು, ಸುತ್ತು, ಬಿಚ್ಚು. ಪ್ರತಿ ಸಲ ಸುತ್ತಿ ಬಿಚ್ಚಿದಾಗಲೂ ಕೂಡಿದ ಭಾಗ ತುಸು ಮುಂದೆ ಹೋಗಿರುತ್ತದೆ. ಹದಿನೈದನೆಯ ನಿಮಿಷದ ಹೊತ್ತಿಗೆ ಮುಕ್ಕಾಲು ಭಾಗ ಒಂದಾಗಿ, ತುದಿಯಲ್ಲಿ ಮಾತ್ರ ಹಾವಿನ ನಾಲಗೆಯಂತೆ ಕವಲು. ಆ ತುದಿಗೇ ಉಳಿದ ಸಮಯವೆಲ್ಲ ಹಿಡಿಯಿತು. ಇದನ್ನು ಜಿಪ್‌ಗೆ ಹೋಲಿಸುವವರಿದ್ದಾರೆ. ನನಗೆ ಆ ಹೋಲಿಕೆ ಅರ್ಧ ಮಾತ್ರ ಒಪ್ಪಿಗೆ. ಜಿಪ್ ಮುಚ್ಚಲು ಎಳೆಯುವ ಒಂದು ತುಂಡು ಬೇಕು. ಇಲ್ಲಿ ಅಂಥದ್ದಿಲ್ಲ, ಎಳೆಗಳ ಆಟವೇ ಮುಚ್ಚುವ ಕೆಲಸ ಮಾಡುತ್ತದೆ. ಕೆಳಬದಿಯಲ್ಲಿ ಕೊಕ್ಕೆಗಳು ಒಂದರೊಳಗೊಂದು ಸಿಗುತ್ತವೆ, ಮೇಲ್ಬದಿಯಲ್ಲಿ ಹೆಂಚು ಹೊದಿಸಿದಂತೆ ಪುಟ್ಟ ಪಟ್ಟಿಗಳು ಒಂದರ ಮೇಲೊಂದು ಕೂರುತ್ತವೆ. ನನ್ನ ಲೆನ್ಸಿಗೆ ಅವು ಕಾಣುವುದಿಲ್ಲ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ನೋಡಿದ್ದೇನೆ. ಪ್ರತಿ ಎಳೆಯ ಒಳಮೈ ಅರ್ಧಚಂದ್ರದಂತೆ ತೋಡಿರುತ್ತದೆ. ಎರಡು ತೋಡು ಸೇರಿದಾಗ ನಡುವೆ ಆಹಾರ ಹರಿಯುವ ಕಾಲುವೆ. ಎಲೆ ಕಡಿಯುವ ದವಡೆಯಿದ್ದ ಹುಳು, ದವಡೆ ಬಿಟ್ಟು ಈ ಕಾಲುವೆಯನ್ನು ಪಡೆದು, ಅದನ್ನೂ ತಾನೇ ಹೊಲಿದುಕೊಳ್ಳಬೇಕು. ಪ್ರತಿ ಚಿಟ್ಟೆಯೂ, ಪ್ರತಿ ಸಲವೂ.

ಸುರುಳಿ ಬಿಚ್ಚುವುದು ಹೇಗೆ ಎಂದು ಶಾಲೆಯ ಮಕ್ಕಳಿಗೆ ತೋರಿಸಲು ನಾನು ಮಾರಿಕಾಂಬಾ ಜಾತ್ರೆಯಲ್ಲಿ ಸಿಗುವ, ಊದಿದರೆ ಉದ್ದಕ್ಕೆ ಬಿಚ್ಚಿಕೊಳ್ಳುವ ಕಾಗದದ ಪೀಪಿಯನ್ನು ಒಯ್ಯುತ್ತೇನೆ. ಇಲ್ಲಿ ಗಾಳಿಯ ಬದಲು ರಕ್ತದ ಒತ್ತಡ. ನಳಿಕೆಯ ಬುಡದಲ್ಲಿರುವ ಒಂದು ಜೋಡಿ ಪಂಪು ಅದನ್ನು ಎಳೆಗಳೊಳಗೆ ತುಂಬುತ್ತದೆ. ಮತ್ತೆ ಸುತ್ತುವುದು ಎಳೆಯೊಳಗಿನ ಓರೆ ಸ್ನಾಯುಗಳ ಕೆಲಸ, ಜೊತೆಗೆ ಗೋಡೆಯ ಸ್ವಂತ ಸ್ಪ್ರಿಂಗು. ಇದನ್ನು ನಾನೇ ಪರೀಕ್ಷಿಸಿದೆ. ಆಗ ತಾನೇ ಸತ್ತ ಚಿಟ್ಟೆಯ ನಳಿಕೆಯನ್ನು ಗುಂಡುಸೂಜಿಯಿಂದ ಬಿಡಿಸಿ ಬಿಟ್ಟರೆ ಅದು ತಾನಾಗಿ ಸುತ್ತಿಕೊಳ್ಳುತ್ತದೆ, ಆದರೆ ಸಡಿಲವಾಗಿ. ಬದುಕಿದ್ದಾಗಿನ ಬಿಗಿ ಸುರುಳಿ ಬರುವುದಿಲ್ಲ. ಬಿಗಿಯಲು ಜೀವ ಬೇಕು.

ತಟ್ಟೆ ಕೈಗೆ ಕೂಡಿದ ಮೇಲೆ ಬೇರೆ ಪ್ರಯೋಗಗಳಿಗೂ ಇಳಿದೆ. ಅವುಗಳಲ್ಲಿ ಕಣ್ಣಿನದು ನನ್ನನ್ನು ಎರಡು ತಿಂಗಳು ಕಾಡಿತು. ಲೆನ್ಸಿನ ಮುಂದೆ ಫೋಟೋ ಫ್ರೇಮಿನ ಗಾಜನ್ನು ನಲವತ್ತೈದು ಡಿಗ್ರಿ ಓರೆಯಾಗಿ ಇಟ್ಟು, ಪಕ್ಕದಿಂದ ಟಾರ್ಚ್ ಹಾಕಿದರೆ ಬೆಳಕು ಲೆನ್ಸಿನ ದಾರಿಯಲ್ಲೇ ಕಣ್ಣಿಗೆ ಹೋಗಿ ಅದೇ ದಾರಿಯಲ್ಲಿ ಹಿಂದೆ ಬರುತ್ತದೆ. ದೀಪ ಹಚ್ಚುವ ಹೊತ್ತಿಗೆ ಮನೆಯೊಳಗೆ ನುಗ್ಗುವ ಈವನಿಂಗ್ ಬ್ರೌನ್ ಚಿಟ್ಟೆಯನ್ನು ಕತ್ತಲಲ್ಲಿ ಸ್ವಲ್ಪ ಹೊತ್ತು ಇಟ್ಟು ಹೀಗೆ ನೋಡಿದಾಗ, ಕಣ್ಣಿನ ನಡುವೆ ಒಂದು ಕೆಂಡ ಹೊತ್ತಿಕೊಂಡಿತು. ಕೆಲವೇ ಸೆಕೆಂಡುಗಳಲ್ಲಿ ಆರಿತು. ಕತ್ತಲಲ್ಲಿ ಮತ್ತೆ ಇಟ್ಟರೆ ಮತ್ತೆ ಹೊತ್ತಿಕೊಳ್ಳುತ್ತದೆ. ಈ ಚಿಟ್ಟೆಯ ಕಣ್ಣು ಸಾವಿರಾರು ಪುಟ್ಟ ಕಣ್ಣುಗಳಿಂದಾದದ್ದು, ಒಂದೊಂದರ ಬುಡದಲ್ಲೂ ಕನ್ನಡಿಯಂಥ ಪದರವಿದೆ. ಬೆಳಕು ಹೆಚ್ಚಾದರೆ ಬಣ್ಣದ ಕಣಗಳು ಸರಿದು ಬಂದು ಆ ದಾರಿಯನ್ನು ಮುಚ್ಚುತ್ತವೆ. ಇದೇ ಹುರುಪಿನಲ್ಲಿ ನನ್ನ ನಿಂಬೆ ಚಿಟ್ಟೆಗಳನ್ನು ಇಟ್ಟೆ. ಏನೂ ಇಲ್ಲ, ಕಪ್ಪು. ಟಾರ್ಚ್ ಬದಲಿಸಿದೆ, ಗಾಜು ಬದಲಿಸಿದೆ, ನಡುರಾತ್ರಿ ಎದ್ದು ನೋಡಿದೆ. ಕಪ್ಪೇ. ನನ್ನ ಗೆಳೆಯರ ಬಳಗದವರು ಗಾಜಿನ ಕೋನ ತಪ್ಪಿದೆ ಎಂದು ತೀರ್ಮಾನಿಸಿದರು. ತಪ್ಪಿರಲಿಲ್ಲ. ನಿಂಬೆ ಚಿಟ್ಟೆಯ ಕುಟುಂಬಕ್ಕೆ ಆ ಕನ್ನಡಿ ಪದರವೇ ಇಲ್ಲ ಎಂದು ಕೊನೆಗೆ ಓದಿ ತಿಳಿದುಕೊಂಡೆ. ನನ್ನ ಗಾಜಿನ ತುಂಡು ಸರಿಯಾದ ಉತ್ತರವನ್ನೇ ಕೊಟ್ಟಿತ್ತು. ಅದೇ ಕುಟುಂಬದ ಬ್ಲೂಬಾಟಲ್ ಚಿಟ್ಟೆಯ ಕಣ್ಣಿನಲ್ಲಿ ಜಪಾನಿನ ಸಂಶೋಧಕರು 2016ರಲ್ಲಿ 15 ಬಗೆಯ ಬೆಳಕಿನ ಗ್ರಾಹಕಗಳನ್ನು ಗುರುತಿಸಿದ್ದಾರೆ. ನಮ್ಮ ಕಣ್ಣಿನಲ್ಲಿ ಬಣ್ಣಕ್ಕೆ ಇರುವುದು ಮೂರು. ಕನ್ನಡಿಯಿಲ್ಲದ ಕಣ್ಣು ಬಡವಾದ ಕಣ್ಣಲ್ಲ.

ಸಕ್ಕರೆಯ ಪ್ರಯೋಗ ಸುಲಭದ್ದು, ಯಾರಾದರೂ ಮಾಡಬಹುದು. ಜೇನುತುಪ್ಪವನ್ನು ಹಾಗೇ ಕೊಟ್ಟರೆ ಚಿಟ್ಟೆಗೆ ಸಂತೋಷ ಎಂದು ಬಹಳ ಜನ ತಿಳಿದಿದ್ದಾರೆ. ಅದು ಚಾಚುತ್ತದೆ, ತುದಿ ಅದ್ದುತ್ತದೆ, ಹೀರಲಾಗದೆ ತೆಗೆಯುತ್ತದೆ. ಕೂದಲಿನಷ್ಟು ಸಣ್ಣ ಕೊಳವೆಯಲ್ಲಿ ಮಂದ ಪಾಕವನ್ನು ಎಳೆಯಲು ತಲೆಯೊಳಗಿನ ಪಂಪಿಗೆ ಆಗದು. ಒಂದು ಪಾಲು ಸಕ್ಕರೆಗೆ ಎರಡು ಪಾಲು ನೀರು, ತೂಕದಲ್ಲಿ. ಇದರಲ್ಲಿ ನನ್ನ ಚಿಟ್ಟೆಗಳು ಅತ್ಯಂತ ಶ್ರದ್ಧೆಯಿಂದ ಕುಡಿಯುತ್ತವೆ. ಅದಕ್ಕಿಂತ ನೀರಾದರೆ ಬೇಗ ಕುಡಿಯುತ್ತವೆ, ಆದರೆ ಸಂಜೆಗೆ ಸುಸ್ತು. ಇನ್ನೊಂದು ಮಾತು: ಗುಂಡುಸೂಜಿಯಿಂದ ನಳಿಕೆ ಬಿಡಿಸಿ ಕುಡಿಸುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಎರಡು ವರ್ಷ ನಾನೂ ಅದನ್ನೇ ಮಾಡಿ ಎರಡು ನಳಿಕೆಗಳನ್ನು ಮುರಿದಿದ್ದೇನೆ. ಚಿಟ್ಟೆಯ ರುಚಿ ಕಾಲಿನಲ್ಲೂ ಇದೆ. ಒದ್ದೆ ಹತ್ತಿಯ ಮೇಲೆ ಕಾಲು ಊರಿಸಿ ಸುಮ್ಮನಿರಿ, ಹಸಿದಿದ್ದರೆ ಅದೇ ಚಾಚುತ್ತದೆ. ತುದಿಯ ಕಡೆಗೆ ಸಣ್ಣ ಸೀಳುಗಳಿರುವುದರಿಂದ ಹನಿಯೇ ಬೇಕೆಂದಿಲ್ಲ, ತೇವದ ತೆಳು ಪದರವಿದ್ದರೂ ಸಾಕು. ಕೊಳೆತ ಬಾಳೆಹಣ್ಣಿಗೆ ಬರುವ ಈವನಿಂಗ್ ಬ್ರೌನಿನ ನಳಿಕೆಯ ತುದಿ ಸ್ಟ್ಯಾಕಿನಲ್ಲಿ ಬಣ್ಣ ಬಳಿಯುವ ಕುಂಚದಂತೆ ಕಾಣುತ್ತದೆ. ಅದರಿಂದ ಹಣ್ಣಿನ ಮೈಯನ್ನು ಒರೆಸಿ ಹೀರುತ್ತದೆ.

ಕುಡಿಮೀಸೆಯ ಮೇಲೆ ನಾನು ಪ್ರಯೋಗ ಮಾಡಿಲ್ಲ, ನೋಡಿದ್ದೇನೆ ಮಾತ್ರ. ಅಮೆರಿಕದ ಮೊನಾರ್ಕ್ ಚಿಟ್ಟೆಗಳ ಮೀಸೆಗೆ ಕಪ್ಪು ಬಣ್ಣ ಬಳಿದಾಗ ಅವು ವಲಸೆಯ ದಿಕ್ಕು ತಪ್ಪಿದವು ಎಂದು 2009ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು. ಸೂರ್ಯನನ್ನು ನೋಡಿ ದಿಕ್ಕು ಹಿಡಿಯಲು ಬೇಕಾದ ಗಡಿಯಾರ ಮೀಸೆಯಲ್ಲಿದೆ. ಮೊನಾರ್ಕಿನ ಬಳಗದ ಟೈಗರ್, ಕ್ರೋ ಚಿಟ್ಟೆಗಳು ನಮ್ಮ ಘಟ್ಟದಿಂದ ಪೂರ್ವದ ಬಯಲಿಗೆ ಮಳೆಗಾಲಕ್ಕೆ ಮುಂಚೆ ಹಿಂಡುಹಿಂಡಾಗಿ ಹೋಗುವುದನ್ನು ಪ್ರತಿ ವರ್ಷ ನೋಡುತ್ತೇನೆ. ಆದರೂ ಬದುಕಿರುವ ಚಿಟ್ಟೆಯ ಮೀಸೆಗೆ ಬಣ್ಣ ಬಳಿಯಲು ನನ್ನ ಕೈ ಏಳಲಿಲ್ಲ. ನಾನು ಕಂಡದ್ದು ಸಣ್ಣ ಸಂಗತಿ. ನಿಂಬೆ ಚಿಟ್ಟೆ ಹೊರಬಂದು ಒಣಗಿದ ಮೇಲೆ ಮುಂಗಾಲನ್ನು ಎತ್ತಿ ಮೀಸೆಯನ್ನು ಅದರಡಿಯಲ್ಲಿ ಎಳೆದುಕೊಳ್ಳುತ್ತದೆ. ಸ್ಟ್ಯಾಕ್ ಮಾಡಿ ನೋಡಿದಾಗ ಮುಂಗಾಲಿನಲ್ಲಿ ಬಾಚಣಿಗೆಯ ಹಲ್ಲಿನಂಥ ಒಂದು ಮುಳ್ಳು ಸಿಕ್ಕಿತು, ಮೀಸೆ ಒರೆಸುವುದಕ್ಕೆಂದೇ ಇರುವುದು. ಕ್ರೋ ಚಿಟ್ಟೆಗೆ ಮುಂಗಾಲು ಮೊಟಕು, ಅದು ಇದೇ ಕೆಲಸಕ್ಕೆ ನಡುಗಾಲನ್ನು ಬಳಸುತ್ತದೆ. ಚಿಟ್ಟೆ ಬಹಳ ಒಪ್ಪವಾಗಿ ನೋಡಿಕೊಳ್ಳುವ ಅಂಗ ಈ ಮೀಸೆ. ವಾಸನೆ ಹಿಡಿಯುವುದು ಅದರಿಂದ, ಹಾರುವಾಗ ಮೈಯ ಅಲುಗಾಟ ತಿಳಿಯುವುದು ಅದರ ಬುಡದ ಎರಡನೆಯ ಗೆಣ್ಣಿನಿಂದ.

ಪಾಲ್ಪ್‌ಗಳ ತುದಿಯ ಗೆಣ್ಣಿನಲ್ಲಿ ಇಂಗಾಲದ ಡೈಆಕ್ಸೈಡನ್ನು ಗ್ರಹಿಸುವ ಒಂದು ಕುಳಿ ಇರುತ್ತದೆ. ಅದನ್ನು ಹಿಡಿಯಲು ಸತ್ತ ಚಿಟ್ಟೆಯ ಪಾಲ್ಪಿನ ಹುರುಪೆಗಳನ್ನು ಸೊನ್ನೆ ನಂಬರಿನ ಕುಂಚದಿಂದ ಒಂದೊಂದಾಗಿ ಉದುರಿಸುತ್ತಾ ಒಂದು ಭಾನುವಾರ ಕಳೆದೆ. ನಾಲ್ಕು ಪಟ್ಟಿನಲ್ಲಿ ಒಂದು ಚುಕ್ಕೆಯಂತೆ ಕಂಡಿತು. ಅದಕ್ಕೆ ಹತ್ತು ಪಟ್ಟಿನ ಆಬ್ಜೆಕ್ಟಿವ್ ಬೇಕು, ಹಣ ಬಂದಾಗ.

ಮೂರನೆಯ ವರ್ಷದ ನಲವತ್ತು ಕೋಶಗಳಲ್ಲಿ ಆರು ಪೂರ್ತಿ ಚಿತ್ರಗಳು ಬಂದಿವೆ. ಆ ಆರರಲ್ಲಿ ಅತಿ ಬೇಗದ್ದು ಹದಿನೆಂಟು ನಿಮಿಷ. ಅವುಗಳಾಚೆ, ಅತಿ ನಿಧಾನದ್ದೊಂದು ಕ್ಯಾಮೆರಾ ನಿಂತ ಮೇಲೂ ಮುಂದುವರಿಯಿತು. ಚಿತ್ರೀಕರಿಸಿದ ಪ್ರತಿ ಚಿಟ್ಟೆಯನ್ನೂ ಕುಡಿಸಿ ಅದೇ ಹೇರಳೆ ಗಿಡದ ಹತ್ತಿರ ಬಿಟ್ಟಿದ್ದೇನೆ. ಶಿವಮೊಗ್ಗದ ಆ ಹಿರಿಯರಿಗೆ ವಿಡಿಯೋ ಕಳಿಸಿದೆ. ಎರಡು ದಿನ ಉತ್ತರವಿರಲಿಲ್ಲ. ಮೂರನೆಯ ದಿನ ಸ್ವತಃ ಬಸ್ ಹತ್ತಿ ಬಂದರು, ಅಟ್ಟ ಹತ್ತಿ ತಟ್ಟೆಯನ್ನು ಕೈಯಲ್ಲಿ ತಿರುಗಿಸಿ ನೋಡಿದರು, ಲಾಟೀನು ಗಾಜಿನ ಚೂರನ್ನು ಬಹಳ ಹೊತ್ತು ನೋಡಿದರು. "ಇದೊಂದು ನನಗೆ ಹೊಳೆದಿರಲಿಲ್ಲ" ಎಂದರು. ಅವರಿಗೆ ಮಾತ್ರ ಆ ತಿರುಗಿಸುವ ಉಪಾಯವನ್ನೂ ತೋರಿಸಿದೆ.

ಈ ವರ್ಷ ಸ್ಕಿಪ್ಪರ್ ಎಂಬ ಚಿಟ್ಟೆ ಕುಟುಂಬಕ್ಕೆ ಕೈ ಹಾಕಿದ್ದೇನೆ. ಮೈಗೆ ಹೋಲಿಸಿದರೆ ಇವುಗಳ ನಳಿಕೆ ಬಹಳ ಉದ್ದ, ಹಾಗಾಗಿ ಜೋಡಣೆಗೆ ಇಪ್ಪತ್ತೊಂಬತ್ತು ನಿಮಿಷ ಸಾಲುವುದೇ ಎಂಬುದು ನನ್ನ ಚಿಂತೆ. ಅಮ್ಮ ಹಿತ್ತಲಿನಲ್ಲಿ ಬೆಳೆದ ಅರಿಶಿನದ ಎಲೆಗಳಲ್ಲಿ ಅದೇ ಕುಟುಂಬದ ಗ್ರಾಸ್ ಡೀಮನ್ ಚಿಟ್ಟೆಯ ಹುಳುಗಳು ಸುರುಳಿ ಸುತ್ತಿಕೊಂಡು ಕೂತಿವೆ. ನಾಲ್ಕನ್ನು ಎಲೆ ಸಮೇತ ಅಟ್ಟಕ್ಕೆ ತಂದಿದ್ದೇನೆ. ನಿನ್ನೆ ಒಂದು ಕೋಶ ಕಟ್ಟಿದೆ, ಅದರ ಕಡ್ಡಿಗೆ ಇಂದು ನಾರು ಸುತ್ತಬೇಕು.